ಗಾಳಿಗೆ ಬಿಟ್ಟ ತೋಳು

ಫೆಬ್ರವರಿ 10, ಸೋಮವಾರ

ಮೂರು ವಾರ ನಿಂತಿದ್ದ ಕೆಲಸ ಇವತ್ತು ಶುರುವಾಯಿತು. ಸಿಮೆಂಟಿನವರಿಗೂ ನಮ್ಮ ಕಂಪನಿಗೂ ಏನು ಜಗಳವಿತ್ತೋ, ಈಗ ಏನು ರಾಜಿಯಾಯಿತೋ, ನನಗೆ ಯಾರೂ ಹೇಳಲಿಲ್ಲ. ಕ್ರೇನ್ ಓಡಿಸುವವಳಿಗೆ ಯಾರು ಏನು ಹೇಳುತ್ತಾರೆ? ಎತ್ತು ಅಂದರೆ ಎತ್ತಬೇಕು, ಇಳಿಸು ಅಂದರೆ ಇಳಿಸಬೇಕು. ಏಣಿ ಹತ್ತುವಾಗ ಮೊಣಕಾಲು ಕಟಕಟ ಅಂದವು. ಮನೆಯಲ್ಲಿ ಕೂತು ಉಂಡದ್ದೆಲ್ಲ ಮೈಗೆ ಹತ್ತಿದೆ.

ಮೇಲೆ ಹೋಗಿ ಕ್ಯಾಬಿನ್ ಬಾಗಿಲು ತೆಗೆದು ಹಿಂದೆ ನೋಡಿದರೆ, ಕ್ರೇನಿನ ಹಿಂದಿನ ಗಿಡ್ಡ ತೋಳಿನ ಮೇಲೆ, ಭಾರಕ್ಕೆಂದು ಇಟ್ಟ ಕಾಂಕ್ರೀಟ್ ದಿಮ್ಮಿಗಳ ಸಂದಿಯಲ್ಲಿ ಕಸದ ಗುಡ್ಡೆ. ಯಾವನೋ ಎಸೆದಿದ್ದಾನೆ ಅಂತ ಬೈಯಲು ಬಾಯಿ ತೆರೆದೆ. ಇಷ್ಟು ಎತ್ತರಕ್ಕೆ ಹತ್ತಿ ಬಂದು ಕಸ ಎಸೆಯುವ ಪುರುಸೊತ್ತು ಯಾರಿಗಿದೆ ಅಂತ ಆಮೇಲೆ ಹೊಳೆಯಿತು. ಕಸದ ಮಧ್ಯದಿಂದ ಒಂದು ತಲೆ ಎದ್ದು ನನ್ನನ್ನೇ ದುರುಗುಟ್ಟಿ ನೋಡಿತು. ಹದ್ದು. ಕಡ್ಡಿ, ಕಬ್ಬಿಣ ಕಟ್ಟುವ ತಂತಿ, ಹರಿದ ಪ್ಲಾಸ್ಟಿಕ್ಕು, ಜೊತೆಗೆ ಕೆಲಸ ನಿಲ್ಲುವ ಮೊದಲು ಮೇಸ್ತ್ರಿ ಹುಡುಕಿ ಹುಡುಕಿ ಕಂಡಕಂಡವರನ್ನೆಲ್ಲ ಬೈದ ಅವನ ಕೈಗವಸು.

ವಾಕಿಟಾಕಿಯಲ್ಲಿ ಕೆಳಗಿನಿಂದ ಸೀಟಿ ಕೇಳಿದ. ಸಾಮಾನು ಕಟ್ಟಿ ನನಗೆ ಸನ್ನೆ ಮಾಡುವವನು ಅವನು. ವಾಕಿಟಾಕಿ ಕೊಟ್ಟರೂ ಬಾಯಲ್ಲಿ ಸೀಟಿ ಹೊಡೆಯುವುದು ಬಿಟ್ಟಿಲ್ಲ, ಅದಕ್ಕೇ ಆ ಹೆಸರು.

"ಏನಕ್ಕ, ಕಳಿಸ್ಲಾ?"

"ಸ್ವಲ್ಪ ತಾಳಪ್ಪ. ಮೇಲೆ ಬಾಡಿಗೆದಾರರು ಬಂದು ಕೂತಿದ್ದಾರೆ."

"ಅಡ್ವಾನ್ಸ್ ತಗೊಂಡ್ರಾ?"

ಹೆದರಿಕೊಂಡೇ ಮೆಲ್ಲಗೆ ತೋಳು ತಿರುಗಿಸಿದೆ. ಹದ್ದು ಏಳಲಿಲ್ಲ. ಗೂಡಿನ ಸಮೇತ ಊರಿಡೀ ಸುತ್ತಿಕೊಂಡು ಬಂತು. ಮೊಟ್ಟೆ ಇರಬೇಕು.

ನಿನ್ನೆಯದು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದೆ ನಿದ್ದೆ ಬರುವ ಹಾಗಿಲ್ಲ. ಮಗಳು ಬಂದು ಕಡ್ಡಿ ಮುರಿದ ಹಾಗೆ ಹೇಳಿಹೋದಳು, ಅವರಿಗೆ ಮಕ್ಕಳು ಬೇಡವಂತೆ. ಅಳಿಯನೂ ಒಪ್ಪಿದ್ದಾನಂತೆ. "ಈಗ್ಲೇ ಬಿಸಿಲು ಹೀಗಿದೆ ಅಮ್ಮ. ಮುಂದೆ ಕುಡಿಯೋಕೆ ನೀರಿರುತ್ತೋ ಇಲ್ವೋ. ಒಂದು ಜೀವಾನ ಕರ್ಕೊಂಡು ಬಂದು ಎಲ್ಲಿ ಕೂರಿಸ್ಲಿ?" ಅಂದಳು. "ನಿನ್ನ ಹೆರುವಾಗ ನಮ್ಮ ಮನೇಲೇನು ಹೊಳೆ ಹರೀತಿತ್ತಾ?" ಅಂದೆ. ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಇವರು ಮಂಚದ ಮೇಲೆ ಮಲಗಿಕೊಂಡೇ, "ಮಾತಲ್ಲಿ ಗೆದ್ದೆ ಬಿಡು, ಮಗಳನ್ನ ಸೋತೆ" ಅಂದರು. ಬಸ್ ಓಡಿಸಿ ಬೆನ್ನು ಕಳೆದುಕೊಂಡ ಮೇಲೆ ಇವರ ನಾಲಿಗೆಗೆ ಮಾತ್ರ ರಜೆ ಇಲ್ಲ.

ಫೆಬ್ರವರಿ 13

ಮೆಕ್ಯಾನಿಕ್ ಹಿಂದಿನ ತೋಳಿಗೆ ಗ್ರೀಸ್ ಹಾಕಲು ಬಂದ. ಬೇಡ ಮಾರಾಯ, ಆಮೇಲೆ ನೋಡೋಣ ಅಂದೆ, ಕೇಳಲಿಲ್ಲ. ಗಂಡೂ ಹೆಣ್ಣೂ ಸರದಿಯಲ್ಲಿ ಬಂದು ಹೆಲ್ಮೆಟಿಗೆ ಕುಕ್ಕಿದವು. ಅಂಬೆಗಾಲಿಕ್ಕಿಕೊಂಡು ವಾಪಸ್ ಬಂದ.

"ಒಂದು ಕೋಲು ತಗೊಂಡು ತಳ್ಳಿಬಿಟ್ರೆ ಆಯ್ತಲ್ಲ ಅಕ್ಕ."

"ನಿಮ್ಮನೆಗೆ ಯಾರಾದ್ರೂ ಗ್ರೀಸ್ ಡಬ್ಬ ಹಿಡ್ಕೊಂಡು ನುಗ್ಗಿದ್ರೆ ನಿನ್ನ ಹೆಂಡ್ತಿ ಚಹಾ ಕೊಟ್ಟು ಕೂರಿಸ್ತಾಳಾ?"

ಕೊನೆಗೆ ನಾನೇ ಅವನ ತಲೆಗೆ ಛತ್ರಿ ಹಿಡಿದು ನಿಂತೆ, ಅವನು ಗ್ರೀಸ್ ಹಾಕಿದ. ಕೆಳಗಿನವರು ನೋಡಿ ಸೀಟಿ ಹೊಡೆದಿದ್ದೇ ಹೊಡೆದಿದ್ದು. ಹೊಡೆಯಲಿ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸೀಟಿ ಹೇಳಿದ, ಈ ಜಾಗದಲ್ಲಿ ಮೊದಲು ದೊಡ್ಡ ಮರಗಳ ಸಾಲಿತ್ತಂತೆ. ಅಡಿಪಾಯಕ್ಕೆಂದು ಕಡಿಸುವಾಗ ಹಗ್ಗ ಕಟ್ಟಿದವನು ಅವನೇ. "ಗೂಡು ಬಿದ್ದಿದ್ದು ಲೆಕ್ಕ ಇಟ್ಟವರಿಲ್ಲ ಅಕ್ಕ. ಈಗ ಸುತ್ತಮುತ್ತ ಇರೋ ಮರ ಅಂದ್ರೆ ನಿಮ್ಮ ಕ್ರೇನ್ ಒಂದೇ." ಪಕ್ಕದ ಹೋಟೆಲ್ ಇದಕ್ಕಿಂತ ಎತ್ತರ, ಆದರೆ ಪೂರ್ತಿ ಗಾಜು, ಕಾಲಿಡಲು ಜಾಗವಿಲ್ಲ. ಕಟ್ಟಡ ಮುಗಿದ ಕೂಡಲೇ ಈ ಮರವನ್ನೂ ಬಿಚ್ಚಿ ಲಾರಿಗೆ ಹಾಕುತ್ತಾರೆ. ಅದನ್ನು ಹದ್ದಿಗೆ ಯಾರು ಹೇಳಬೇಕು?

ಫೆಬ್ರವರಿ 23, ಭಾನುವಾರ

ಮಗಳು ಬರಲಿಲ್ಲ. ಫೋನಿನಲ್ಲಿ ಅಪ್ಪನ ಬೆನ್ನು ಹೇಗಿದೆ ಅಂತ ಕೇಳಿದಳು. "ಅಮ್ಮನಿಗೆ ಕೊಡ್ಲಾ?" ಅಂತ ಇವರು ಕೇಳಿದ್ದು ಕೇಳಿಸಿತು. ಆ ಕಡೆಯ ಉತ್ತರ ಕೇಳಿಸಲಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದೆ, ಸ್ವಲ್ಪ ಜೋರಾಗಿಯೇ ತೊಳೆದೆ.

ಮಾರ್ಚ್ 6

ಈ ಬಿಸಿಲಿಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಹೆಣ್ಣು ಹದ್ದು ರೆಕ್ಕೆ ಬಿಡಿಸಿ ಮೊಟ್ಟೆಗಳಿಗೆ ನೆರಳು ಮಾಡಿ, ಬಾಯಿ ತೆರೆದುಕೊಂಡು ಕೂತಿರುತ್ತದೆ. ನನ್ನ ಕ್ಯಾಬಿನ್ನಿನಲ್ಲಿ ಒಂದು ಫ್ಯಾನಾದರೂ ಇದೆ.

ಕೆಲಸ ಮುಗಿಸಿ ಇಳಿಯುವ ಮೊದಲು ಕ್ರೇನಿನ ತಿರುಗುವ ಬ್ರೇಕನ್ನು ಬಿಟ್ಟು ಹೋಗಬೇಕು. ಗಾಳಿಗೆ ಬಿಡೋದು ಅನ್ನುತ್ತೇವೆ. ನನಗೆ ಕೆಲಸ ಕಲಿಸಿದ ಮುದುಕ ಮೊದಲ ದಿನ ಹೇಳಿದ್ದೇ ಅದು. ಗಾಳಿ ಎದ್ದರೆ ಉದ್ದ ತೋಳು ತಾನಾಗಿ ಗಾಳಿ ಹೋಗುವ ದಿಕ್ಕಿಗೆ ತಿರುಗಿಕೊಂಡು ನಿಲ್ಲುತ್ತದೆ, ಯಾರಿಗೂ ತೊಂದರೆ ಇಲ್ಲ. ಬ್ರೇಕ್ ಹಾಕಿ ಕಟ್ಟಿಹಾಕಿದರೆ ಗಾಳಿ ಅಡ್ಡಡ್ಡ ಹೊಡೆದು ಕಂಬವನ್ನೇ ಮಲಗಿಸಿಬಿಡುತ್ತದೆ.

ಆದರೆ ಹಾಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗೂಡು ಎತ್ತಲೋ ತಿರುಗಿ ಬಿಸಿಲಿಗೆ ಬಿದ್ದಿರುತ್ತದೆ. ಆಹಾರ ತರಲು ಹೋದ ಗಂಡು, ಬಿಟ್ಟಲ್ಲಿ ಮನೆ ಇಲ್ಲದೆ ಸುತ್ತು ಹೊಡೆಯುವುದನ್ನು ಎಷ್ಟು ಸಲ ನೋಡಿದ್ದೇನೆ. ಹಿಂದಿನ ತೋಳನ್ನು ಹೋಟೆಲಿನ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಬೆಳಗ್ಗೆ ಕೆಲಸ ಶುರುವಾಗುವವರೆಗೆ ನೆರಳು, ರಜೆಯಲ್ಲಿ ಅರ್ಧ ದಿನ. ಹದಿನೈದು ದಿನದಿಂದ ಜೋರು ಗಾಳಿ ಬೀಸಿದ್ದು ನೋಡಿಲ್ಲ. ಇವತ್ತು ಬ್ರೇಕ್ ಹಾಕಿಯೇ ಇಳಿದೆ. ಮನೆಗೆ ಬಂದು ಟೀವಿಯಲ್ಲಿ ಹವಾಮಾನ ಕೇಳಿದೆ. ಜೋರು ಗಾಳಿ ಇಲ್ಲವಂತೆ.

ಮಾರ್ಚ್ 15

ಎರಡು ಮರಿ! ಬಿಳಿ ಹತ್ತಿ ಉಂಡೆಗೆ ಕೊಕ್ಕು ಅಂಟಿಸಿದ ಹಾಗೆ, ಕಣ್ಣ ಸುತ್ತ ಕಪ್ಪು. ನೋಡಲು ಚೆನ್ನಾಗಿಲ್ಲ ಅಂತ ಸೀಟಿ ಫೋಟೋ ನೋಡಿ ಹೇಳಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದೆ. "ನೀವು ಯಾವಾಗ ಹೆತ್ರಿ ಅಕ್ಕ?" ಅಂದ. ಕಬ್ಬಿಣದ ಕಟ್ಟೊಂದನ್ನು ಬೇಕೆಂದೇ ಅವನಿಂದ ದೂರ ಇಳಿಸಿ, ಅಲ್ಲಿಯವರೆಗೆ ಅವನನ್ನು ನಡೆಸಿದೆ.

ಇಂಜಿನಿಯರ್ ಮಾತ್ರ ಗೊಣಗುತ್ತಾರೆ, ಇತ್ತೀಚೆಗೆ ನಾನು ನಿಧಾನವಂತೆ. ನಿಧಾನವೇ ಪ್ರಧಾನ ಸಾರ್ ಅಂದೆ. ಬ್ರೇಕ್ ದಿನವೂ ಹಾಕಿಯೇ ಇಳಿಯುತ್ತಿದ್ದೇನೆ. ಈಗಂತೂ ಬಿಡುವ ಹಾಗೇ ಇಲ್ಲ.

ಮಾರ್ಚ್ 30, ಭಾನುವಾರ

ಮಗಳು ಬಂದಿದ್ದಳು. ಬಾಗಿಲಲ್ಲೇ ಮುಖ ಗಂಟು ಹಾಕಿಕೊಂಡು ನಿಂತಳು, ನಾನೆಲ್ಲಿ ಮತ್ತೆ ಶುರು ಮಾಡುತ್ತೇನೋ ಅಂತ. ಫೋನ್ ತೆಗೆದು ಮರಿಗಳ ವಿಡಿಯೋ ತೋರಿಸಿದೆ. ದೊಡ್ಡದು ಚಿಕ್ಕದರ ಬಾಯಿಂದ ಕಿತ್ತು ತಿನ್ನುವುದು, ಚಿಕ್ಕದು ತಾಯಿಯ ಬಾಲ ಎಳೆಯುವುದು. ಅವಳು ಪಕ್ಕಕ್ಕೆ ಬಂದು ಕೂತಳು. "ಇದಕ್ಕೇನು ತಿನ್ನಿಸ್ತಿದೆ ಅದು?" "ಇಲಿ." "ಥೂ!" ಅಂದಳು, ಮತ್ತೆ ಹಾಕು ಅಂದಳು.

ಅವಳು ಹೊರಟ ಮೇಲೆ ಇವರು ನನಗೆ, "ಏನೇ, ಇವತ್ತು ಮೊಮ್ಮಗು ಕೇಳ್ಲೇ ಇಲ್ಲ?" ಅಂದರು. ಹೌದಲ್ಲ. ಮರೆತೇಹೋಯಿತು.

ಏಪ್ರಿಲ್ 8

ಬರೆಯಲಾರೆ.

ಏಪ್ರಿಲ್ 9

ಇವತ್ತು ಬರೆದು ಮುಗಿಸುತ್ತೇನೆ.

ನಿನ್ನೆ ಸಂಜೆ ಮಗಳು ತನ್ನ ಔಷಧಿ ಅಂಗಡಿಯ ಕೆಲಸ ಮುಗಿಸಿ ಅಪ್ಪನ ಬೆನ್ನಿಗೆ ಮುಲಾಮು ತಂದಿದ್ದಳು. ಚಹಾ ಕುಡಿಯುತ್ತ ಕೂತಿದ್ದೆವು. ಮೊದಲು ಕಿಟಕಿಯ ಪರದೆ ಎದ್ದಿತು. ಆಮೇಲೆ ಪಕ್ಕದ ಮನೆಯ ಬಕೆಟ್ಟು ಅಂಗಳದಲ್ಲಿ ಉರುಳಿಕೊಂಡು ಹೋಯಿತು. ಲೋಟ ಕೆಳಗಿಟ್ಟೆ. ಬ್ರೇಕ್.

ಮನೆಯ ಬಟ್ಟೆಯ ಮೇಲೆ ಇವರ ಶರ್ಟು ಹಾಕಿಕೊಂಡು ಮಗಳ ಸ್ಕೂಟರಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಧೂಳು, ಹಾರುವ ತಗಡು. ಅವಳು ಏನಾಯ್ತು ಏನಾಯ್ತು ಅಂತ ಕೇಳುತ್ತಲೇ ಇದ್ದಳು, ನಾನು ಬೇಗ ಹೋಗು ಅಂತಲೇ ಇದ್ದೆ.

ಅಲ್ಲಿ ಕರೆಂಟು ಹೋಗಿತ್ತು. ಕ್ರೇನ್ ಗಾಳಿಗೆ ಅಡ್ಡ ನಿಂತು ನರಳುತ್ತಿತ್ತು. ಅಂಥ ಸದ್ದು ಈ ಕೆಲಸಕ್ಕೆ ಸೇರಿದ ಮೇಲೆ ಕೇಳಿಲ್ಲ. ಅದು ಬೀಳುವ ಕಡೆಗೇ, ಗೋಡೆಯಾಚೆ, ಮನೆಗಳ ಸಾಲು. ಜನ ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾರೆ, ಪಾಪ, ಮನೆಯೊಳಗೆ ಇದ್ದರೆ ಭದ್ರ ಅಂತ. ಇಂಜಿನಿಯರ್ ಕೂಗುತ್ತಿದ್ದರು, "ಯಾಕೆ ತಿರುಗ್ತಿಲ್ಲ ಇದು? ಜಾಮ್ ಆಗಿದ್ಯಾ?"

"ನಾನೇ ಕಟ್ಟಿಹಾಕಿದ್ದೀನಿ ಸಾರ್."

ಸೀಟಿ ಆಗಲೇ ಗೋಡೆ ಹಾರಿ ಬಾಗಿಲು ಬಾಗಿಲು ಬಡಿಯುತ್ತ ಓಡುತ್ತಿದ್ದ. ಕರೆಂಟಿಲ್ಲದೆ ಬ್ರೇಕ್ ಬಿಡಬೇಕಾದರೆ ಮೇಲೆ ಹೋಗಿ ಕೈಯಾರೆ ಲಿವರ್ ಎಳೆಯಬೇಕು. ಯಾರೂ ಹತ್ತಬೇಡಿ, ಮೊದಲು ಬೀದಿ ಖಾಲಿ ಮಾಡೋಣ ಅಂದರು ಇಂಜಿನಿಯರ್. ಅಷ್ಟು ಜನ ಹೊರಗೆ ಬರುವವರೆಗೆ ಕಂಬ ಕಾಯುವ ಹಾಗೆ ಇರಲಿಲ್ಲ. ನಾನು ಏಣಿಗೆ ಕೈ ಹಾಕಿದೆ. ಮಗಳು ಶರ್ಟಿನ ತುದಿ ಹಿಡಿದಳು. "ಅಮ್ಮ, ಬೇಡ ಅಮ್ಮ." ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹತ್ತಿದೆ.

ಮೇಲೆ ಲಿವರ್ ಹಿಡಿದು ಹಿಂದೆ ನೋಡಿದೆ. ಗೂಡು ಹಾಗೇ ಇತ್ತು. ದಿಮ್ಮಿಗಳ ಮರೆಯಲ್ಲಿ, ಬ್ರೇಕಿನ ದಯೆಯಿಂದ, ಅಲ್ಲಿ ಮಾತ್ರ ಗಾಳಿ ಇರಲಿಲ್ಲ. ತಾಯಿ ಎರಡನ್ನೂ ಹೊಟ್ಟೆಯಡಿಗೆ ಹಾಕಿಕೊಂಡು ಕೂತಿತ್ತು. ಬ್ರೇಕ್ ಬಿಟ್ಟರೆ ಉದ್ದ ತೋಳು ಗಾಳಿ ಹೋಗುವ ಕಡೆ ತಿರುಗುತ್ತದೆ, ಹಿಂದಿನ ತೋಳು ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಆಗ ಗೂಡಿಗೆ ಯಾವ ಮರೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೇನೂ ಇರಲಿಲ್ಲ. ಕೆಳಗೆ ಮನೆಗಳಿದ್ದವು, ಮಾಡಬೇಕಾದ್ದು ಒಂದೇ ಇತ್ತು. ಆದರೂ ಒಂದು ಗಳಿಗೆ ನನ್ನ ಕೈ ಲಿವರಿನ ಮೇಲೆ ಸುಮ್ಮನೆ ಇತ್ತು. ಅದು ನಿಜ, ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ.

ಎಳೆದೆ.

ತೋಳು ರೊಯ್ಯನೆ ತಿರುಗಿತು. ಕಂಬದ ನರಳಾಟ ನಿಂತಿತು. ತಂತಿ, ಕಡ್ಡಿ, ಮೇಸ್ತ್ರಿಯ ಕೈಗವಸು ನನ್ನ ಕಿವಿಯ ಪಕ್ಕದಿಂದ ಹಾರಿಹೋದವು. ಬಿಳಿಯದೊಂದು ಹೋಯಿತು. ಪ್ಲಾಸ್ಟಿಕ್ಕೋ ಮರಿಯೋ ತಿಳಿಯಲಿಲ್ಲ. ಕಂಬ ತಬ್ಬಿಕೊಂಡು ಕೂತೆ. ಕಣ್ಣು ಮುಚ್ಚಿದ್ದೆ.

ಗಾಳಿ ಇಳಿದ ಮೇಲೆ ಕೆಳಗೆ ಬಂದೆ. ಮಗಳು ನನ್ನ ಭುಜಕ್ಕೆ ಪಟಪಟನೆ ಹೊಡೆದಳು. ಆಮೇಲೆ ಅಲ್ಲೇ ಜಲ್ಲಿ ರಾಶಿಯ ಮೇಲೆ ಕೂತು ಅತ್ತಳು. ಹುಟ್ಟಿದಾರಭ್ಯ ಅವಳು ನನಗೆ ಹೊಡೆದದ್ದು ಇದೇ ಮೊದಲು.

ಏಪ್ರಿಲ್ 11

ಮುಖ್ಯ ಕಚೇರಿಯಿಂದ ಸುರಕ್ಷತಾ ಅಧಿಕಾರಿ ಬಂದಿದ್ದರು. ಒಳಗೆ ಹೋಗುವ ಮೊದಲು ಸೀಟಿ ಪಿಸುಗುಟ್ಟಿದ, "ಬ್ರೇಕ್ ಜಾಮ್ ಆಗಿತ್ತು ಅಂದುಬಿಡಿ ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಹಾಗಂದರೆ ಮೆಕ್ಯಾನಿಕ್‌ನ ಕುತ್ತಿಗೆಗೆ ಬರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಧಿಕಾರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಒಂದು ಹದ್ದಿಗೋಸ್ಕರ ಒಂದು ಬೀದಿ ಜನಾನ ಪಣಕ್ಕಿಟ್ರಲ್ಲ ಅಮ್ಮ" ಅಂದರು. ಹೌದು ಸಾರ್ ಅಂದೆ. ಅದಕ್ಕೆ ಬೇರೆ ಉತ್ತರ ಇಲ್ಲ. ಕಂಬದ ಒಂದೊಂದು ಬೋಲ್ಟೂ ಬಿಗಿ ನೋಡುವವರೆಗೆ ಕ್ರೇನ್ ಓಡುವ ಹಾಗಿಲ್ಲ. ವಿಚಾರಣೆ ಮುಗಿಯುವವರೆಗೆ ನಾನು ಹತ್ತುವ ಹಾಗಿಲ್ಲ. ಇಪ್ಪತ್ತೆಂಟನೇ ತಾರೀಕು ಸೋಮವಾರ ಬೇರೆ ಆಪರೇಟರ್ ಬಂದು ಕೆಲಸ ಶುರು ಮಾಡುತ್ತಾನೆ, ಅದಕ್ಕೂ ಮೊದಲು ಬೆಳಗ್ಗೆ ಗೂಡು ತೆಗೆಯುತ್ತಾರೆ. ನನಗೆ ಸ್ಟೋರಿನಲ್ಲಿ ಹೆಲ್ಮೆಟ್ ಹಂಚುವ ಕೆಲಸ. ಮಾಡಿದ್ದುಣ್ಣೋ ಮಹಾರಾಯ.

ಹೊರಗೆ ಬಂದ ಮೇಲೆ ಸೀಟಿ ಕೇಳಿದ, "ಅದ್ಯಾಕೆ ಕಟ್ಟಿದ್ರಿ ಅಕ್ಕ?"

"ಅಲ್ಲಾಡಬಾರದು ಅಂತ."

"ಮರ ಅಲ್ಲಾಡಲ್ವಾ?"

ಇಷ್ಟು ವರ್ಷ ಎತ್ತರದಲ್ಲಿ ಕೂತು ಕೂತು ನನಗೆ ಇದು ಹೊಳೆಯಲೇ ಇಲ್ಲ. ನಾನು ಕಟ್ಟಿಹಾಕಿದ್ದು ನನ್ನ ಸಮಾಧಾನಕ್ಕೆ.

ಏಪ್ರಿಲ್ 16

ಬೋಲ್ಟ್ ನೋಡಲು ಹತ್ತಿದ ಮೆಕ್ಯಾನಿಕ್ ಇಳಿದು ಬಂದು ಸ್ಟೋರಿನ ಕಿಟಕಿಯ ಹತ್ತಿರ ನಿಂತ. "ಅಕ್ಕ, ಮರಿ ಒಂದಿದೆ" ಅಂದ. ಒಂದೇ ಅಂತ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಚಿಕ್ಕದೇ ಹೋಗಿರಬೇಕು, ತಾಯಿಯ ಬಾಲ ಎಳೆಯುತ್ತಿದ್ದದ್ದು. ಹೆಲ್ಮೆಟ್‌ಗಳನ್ನು ಮತ್ತೊಮ್ಮೆ ಎಲ್ಲ ಇಳಿಸಿ ಒರೆಸಿ ಜೋಡಿಸಿದೆ.

ಮಧ್ಯಾಹ್ನ ಗೋಡೆಯಾಚೆಯ ಮನೆಯವಳೊಬ್ಬಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಅವತ್ತು ಹತ್ತಿದ್ದು ನೀವೇನಾ?" ಹೌದು ಅಂದೆ. "ಕಟ್ಟಿಹಾಕಿದ್ದೂ ನೀವೇ ಅಂತೆ?" ಅದಕ್ಕೂ ಹೌದು ಅಂದೆ. "ಇದು ಒಳಗೆ ನಿದ್ದೆ ಮಾಡ್ತಿತ್ತು. ಎತ್ಕೊಂಡು ಓಡುವಾಗ ಬಾಗಿಲ ಚಿಲಕ ಕೈಗೆ ಸಿಗ್ಲಿಲ್ಲ ನಂಗೆ" ಅಂದಳು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ತಪ್ಪಾಯ್ತಮ್ಮ ಅಂದೆ. ಬೈದಳು. ಬೈಸಿಕೊಂಡೆ. ಅಷ್ಟು ಹೊತ್ತೂ ಕೂಸು ನನ್ನ ಹಳದಿ ಹೆಲ್ಮೆಟ್ಟನ್ನೇ ನೋಡುತ್ತಿತ್ತು.

ಏಪ್ರಿಲ್ 22

ಕೆಲಸವಿಲ್ಲದ ಕ್ರೇನ್ ಗಾಳಿ ಹೋದ ಕಡೆ ತಿರುಗುತ್ತ ನಿಂತಿದೆ. ಬೆಳಗ್ಗೆ ಆ ಕಡೆ, ಸಂಜೆ ಈ ಕಡೆ. ಗಂಡು ಹದ್ದು ಇಲಿ ಹಿಡಿದುಕೊಂಡು ಬಂದು ಒಂದು ಸುತ್ತು ಹೊಡೆದು ಸರಿಯಾಗಿ ಗೂಡಿಗೇ ಇಳಿಯುತ್ತದೆ. ಅದು ಸುತ್ತು ಹೊಡೆಯುವುದೇ ಹಾಗೇನೋ. ಮನೆ ಕಳೆದುಕೊಂಡಿದೆ ಅಂತ ಅಂದುಕೊಂಡವಳು ನಾನು.

ಮರಿ ಕಂದು ಬಣ್ಣಕ್ಕೆ ತಿರುಗಿದೆ. ತೋಳಿನ ಕಂಬಿಯ ಮೇಲೆ ನಿಂತು ರೆಕ್ಕೆ ಬಡಿಯುತ್ತದೆ, ಹಾರುವುದಿಲ್ಲ. ಸೋಮವಾರದೊಳಗೆ ಹಾರಬೇಕು. ಹಾರು ಅಂತ ಕೆಳಗಿನಿಂದ ಹೇಳಿ ಏನು ಪ್ರಯೋಜನ? ಕತ್ತು ನೋಯುತ್ತದೆ ಅಷ್ಟೆ.

ಏಪ್ರಿಲ್ 27, ಭಾನುವಾರ

ನಾಳೆ ಬೆಳಗ್ಗೆ ಗೂಡು ತೆಗೆಯುತ್ತಾರೆ. ಮಧ್ಯಾಹ್ನ ಊಟದ ಮೇಲೆ ಮನೆಯಲ್ಲಿ ಕೂರಲಾಗದೆ ಚಪ್ಪಲಿ ಮೆಟ್ಟಿದೆ. ಊಟಕ್ಕೆ ಬಂದಿದ್ದ ಮಗಳು ಸ್ಕೂಟರಿನ ಕೀ ತೆಗೆದುಕೊಂಡಳು.

ರಜೆಯ ದಿನ, ಒಳಗೆ ಕಾವಲುಗಾರ ಬಿಟ್ಟರೆ ಯಾರೂ ಇಲ್ಲ. ಜಲ್ಲಿ ರಾಶಿಯ ಪಕ್ಕ ನಿಂತೆವು. ಮರಿ ಗೂಡಿನಲ್ಲಿರಲಿಲ್ಲ. ಹುಡುಕಿದರೆ ಉದ್ದ ತೋಳಿನ ನಡುವಿನವರೆಗೆ ನಡೆದುಕೊಂಡು ಹೋಗಿ ಕೂತಿತ್ತು. ಹಿರಿಯ ಹದ್ದುಗಳೆರಡೂ ಹೋಟೆಲಿನ ಮೇಲೆ ಸುತ್ತುತ್ತಿದ್ದವು. ಆಹಾರ ತರುತ್ತವೆ, ಮರಿಯ ಹತ್ತಿರ ಬರುತ್ತವೆ, ಕೊಡದೆ ಹೋಗುತ್ತವೆ.

"ಯಾಕಮ್ಮ ಕೊಡ್ತಿಲ್ಲ ಅವು?"

"ಬಂದು ತಗೋ ಅಂತ ಇರ್ಬೇಕು."

ಆಮೇಲೆ ಮೇಲೆ ನೋಡಿಕೊಂಡೇ ಹೇಳಿದಳು, "ಬಿಸಿಲು, ನೀರು, ನಾನು ಹೇಳಿದ್ದೆಲ್ಲ ನಿಜಾನೇ ಅಮ್ಮ. ಆದ್ರೆ ಅವತ್ತು ನೀನು ಹತ್ತಿದಾಗ ಇಲ್ಲೇ ನಿಂತಿದ್ನಲ್ಲ, ಆಗ ಗೊತ್ತಾಯ್ತು. ನಂಗೆ ಭಯ ಇರೋದು ಇದಕ್ಕೆ. ಕೈಲಾಗದೆ ಕೆಳಗೆ ನಿಂತು ಒಂದು ಜೀವಾನ ನೋಡ್ತಾ ಇರೋದಕ್ಕೆ. ಜೀವನ ಪೂರ್ತಿ. ನೀನು ನನ್ನನ್ನ ಹೀಗೇ ನೋಡಿದ್ಯಾ?"

"ಹೂಂ. ಹೀಗೇ" ಅಂದೆ. "ಈಗ್ಲೂ?" "ಈಗ್ಲೂ." ಅವಳು ನನ್ನ ಕಡೆ ತಿರುಗಲಿಲ್ಲ. ಮಗು ಬೇಕು ಬೇಡ ಅನ್ನುವುದು ಅವಳದು. ಮೈ ಅವಳದು, ಭಯವೂ ಅವಳದು.

ಅಷ್ಟರಲ್ಲಿ ಗಾಳಿ ಬಂತು. ತೋಳು ಮೆಲ್ಲಗೆ ತಿರುಗತೊಡಗಿತು. ಮರಿ ಕಂಬಿಯ ಮೇಲೆ ಎರಡು ಸಲ ತೂರಾಡಿತು, ರೆಕ್ಕೆ ತೆರೆಯಿತು, ಬಿತ್ತು. ಬಿದ್ದದ್ದೇ. ಮಗಳು "ಅಮ್ಮಾ!" ಅಂತ ಕಿರುಚಿ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಅದಕ್ಕೆ ಏನು ನೆನಪಾಯಿತೋ, ರೆಕ್ಕೆಗೆ ಗಾಳಿ ಸಿಕ್ಕಿತು. ಕುಡಿದವರ ಹಾಗೆ ಓಲಾಡಿಕೊಂಡು ಗೋಡೆ ದಾಟಿ, ಆಚೆ ಮನೆಯೊಂದರ ನೀರಿನ ಟ್ಯಾಂಕಿನ ಮೇಲೆ ಹೊಟ್ಟೆಯಡಿಯಾಗಿ ಇಳಿಯಿತು. ಎದ್ದು ನಿಂತು, ಏನೂ ಆಗದವರ ಹಾಗೆ ರೆಕ್ಕೆ ಕೊಡವಿತು.

ನಾನು ಅಲ್ಲೇ ಕೂತುಬಿಟ್ಟೆ. ಅಳು ಬಂತು, ಅತ್ತೆ. ಹೋದ ಚಿಕ್ಕದಕ್ಕೂ ಸೇರಿಸಿ ಅತ್ತೆ. ನಾಳೆ ಯಾರು ಬೇಕಾದರೂ ಬಂದು ಆ ಕಸ ತೆಗೆಯಲಿ.

ಬಿಸಿಲು ಇಳಿಯುತ್ತ ಬಂತು. ಅಪ್ಪನಿಗೆ ಮುಲಾಮು ಹಚ್ಚುವ ಹೊತ್ತಾಯಿತು, ನಡಿ ಹೋಗೋಣ ಅಂದೆ.

ಅವಳು ಗೋಡೆಯ ಹತ್ತಿರ ಇಟ್ಟಿಗೆಗಳ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಆ ಟ್ಯಾಂಕನ್ನೇ ನೋಡುತ್ತಿದ್ದಳು.

"ಸ್ವಲ್ಪ ಇರಮ್ಮ" ಅಂದಳು. "ಅದಿನ್ನೂ ಏನೂ ತಿಂದಿಲ್ಲ."